ಅಪ್ಪನ ಹೆಸರಿಗೊಂದು ಸಾನ್

ಪಾಸ್‌ಪೋರ್ಟಿಗೆ ಅರ್ಜಿ ತುಂಬಿದ ದಿನ ಮಂಡ್ಯದ ಸೈಬರ್ ಅಂಗಡಿಯ ಹುಡುಗ ‘ಸರ್‌ನೇಮ್’ ಎಂಬ ಖಾಲಿ ಮನೆಯ ಮುಂದೆ ಕೈ ನಿಲ್ಲಿಸಿ, “ಇಲ್ಲಿ ಏನು ಹಾಕಲಿ ಸರ್?” ಎಂದು ಕೇಳಿದ. ನಮ್ಮ ಮನೆಯಲ್ಲಿ ಯಾರಿಗೂ ಅಡ್ಡಹೆಸರಿಲ್ಲ. ಇನಿಷಿಯಲ್ ಇದೆ, ಅದರೊಳಗೆ ಊರಿದೆ, ತಾತ ಇದ್ದಾರೆ. “ಅಪ್ಪನ ಹೆಸರು ಹಾಕು” ಎಂದೆ. ಎರಡು ನಿಮಿಷದ ಆ ಕೆಲಸ ಆಮೇಲೆ ನನ್ನನ್ನು ಎಲ್ಲೆಲ್ಲಿಗೆ ಅಟ್ಟಿಸಿಕೊಂಡು ಬಂತು ಎಂಬುದನ್ನು ಹೇಳುತ್ತೇನೆ.

ಜಪಾನಿನಲ್ಲಿ ಯಾರನ್ನೂ ಸ್ವಂತ ಹೆಸರಿನಿಂದ ಸುಲಭವಾಗಿ ಕರೆಯುವುದಿಲ್ಲ. ಮನೆತನದ ಹೆಸರಿಗೆ ‘ಸಾನ್’ ಸೇರಿಸುತ್ತಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಕುಳಿತಿದ್ದವರು ನನ್ನ ಅಪ್ಪ. ಹೀಗಾಗಿ ಮೇಷ್ಟರಾಗಿ ನಿವೃತ್ತರಾಗಿ, ಮಂಡ್ಯದ ಪಕ್ಕದ ಹಳ್ಳಿಯಲ್ಲಿ ಗದ್ದೆ ನೋಡಿಕೊಂಡಿದ್ದ ಅಪ್ಪ ಟೋಕಿಯೊದಲ್ಲಿ ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹಾಜರಾಗತೊಡಗಿದರು. ಸರ್ವರ್ ಕೆಟ್ಟಾಗ ಎಲ್ಲರೂ ತಿರುಗಿ ನೋಡುತ್ತಿದ್ದದ್ದು ಅವರ ಕಡೆಗೇ. ಗ್ಯಾಸಿನ ಬಿಲ್ಲು ಅವರ ಹೆಸರಿಗೆ, ಹಲ್ಲಿನ ಡಾಕ್ಟರ ಹತ್ತಿರ ಸರದಿ ಅವರ ಹೆಸರಿಗೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜಪಾನಿನಲ್ಲಿ ಅದನ್ನು ಈಗಾಗಲೇ ಸಾಕಷ್ಟು ಜನ ಕೂಗಿದ್ದಾರೆ. ಅವಳ ಹೆಸರನ್ನೂ ಬರೆಯುವುದಿಲ್ಲ. ಅದು ಅವಳೇ ಹಾಕಿದ ಷರತ್ತು.

ಅವಳು ಸಿಕ್ಕಿದ್ದು ಶಟಲ್ ಅಂಕಣದಲ್ಲಿ. ನಾನಿದ್ದದ್ದು ಪೂರ್ವ ಟೋಕಿಯೊದ ನಿಶಿಕಾಸಾಯ್‌ನಲ್ಲಿ. ಅಲ್ಲಿ ನಮ್ಮ ದೇಶದವರು ಎಷ್ಟಿದ್ದಾರೆಂದರೆ ಭಾನುವಾರ ತೊಗರಿಬೇಳೆ ತರಲು ಹೋದವನು ಮೂರು ಭಾಷೆಯಲ್ಲಿ ಕ್ಷೇಮಸಮಾಚಾರ ಹೇಳಿ ಬರಬೇಕು. ಅದರಿಂದ ಸ್ವಲ್ಪ ತಪ್ಪಿಸಿಕೊಳ್ಳಲೆಂದೇ ವಾರ್ಡಿನ ವ್ಯಾಯಾಮಶಾಲೆಯ ಬ್ಯಾಡ್ಮಿಂಟನ್ ಬಳಗಕ್ಕೆ ಸೇರಿದೆ. ಹೊಸಬರು ಎದೆಯ ಮೇಲೆ ಟೇಪು ಅಂಟಿಸಿ ಅದರಲ್ಲಿ ಹೆಸರು ಬರೆದುಕೊಳ್ಳಬೇಕು. ನಾನು ಕಟಕಾನಾ ಲಿಪಿಯಲ್ಲಿ ಅಪ್ಪನ ಹೆಸರು ಬರೆದುಕೊಂಡೆ. ಆ ಲಿಪಿಯಲ್ಲಿ ‘ನ್’ ಬಿಟ್ಟರೆ ಬೇರೆ ಯಾವ ವ್ಯಂಜನವೂ ಒಂಟಿಯಾಗಿ ನಿಲ್ಲುವುದಿಲ್ಲ. ಹಿಂದೆ ಒಂದು ಸ್ವರ, ಬಹುಮಟ್ಟಿಗೆ ‘ಉ’, ಬಂದು ಅಂಟಿಕೊಳ್ಳುತ್ತದೆ. ನಮಗಿದು ಹೊಸತಲ್ಲ, ಬಸ್ಸು ಕಾರು ರೈಲು ಎನ್ನುವವರು ನಾವು. ಅವರಿಗೂ ಬಸ್ ಎಂದರೆ ‘ಬಸು’. ಮೊದಲ ಸಲ ಬಳಗದವರೆಲ್ಲ ಆಟ ಮುಗಿಸಿ ಊಟಕ್ಕೆ ಹೋದಾಗ ಅವಳು ನನ್ನನ್ನು “ಬೀರು?” ಎಂದು ಕೇಳಿದಳು. ನನಗೆ ಅಮ್ಮನ ಸೀರೆಯ ಬೀರು ಕಣ್ಣ ಮುಂದೆ ಬಂತು. ಅವಳು ಕೇಳಿದ್ದು ಬಿಯರ್.

ಅಲ್ಲಿಂದ ಮುಂದೆ ನಡೆದದ್ದರ ಬಗ್ಗೆ ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ.

ನನ್ನ ರಾಕೆಟ್ಟಿನ ತಂತಿ ಹರಿದಿತ್ತು. ತಂತಿ ಹಾಕುವ ಅಂಗಡಿಯನ್ನು ತೋರಿಸಲು ಸಾಧ್ಯವೇ ಎಂದು ಅವಳಿಗೆ ಸಂದೇಶ ಕಳುಹಿಸಿದೆ. ನನಗೆ ಬಿಡುವಿದ್ದ ದಿನ ಡಿಸೆಂಬರ್ 24, ಸಂಜೆ. ಜಪಾನಿನಲ್ಲಿ ಅದು ರಜಾದಿನವಲ್ಲ, ಅಂಗಡಿಗಳು ತೆರೆದೇ ಇರುತ್ತವೆ. ಕ್ರಿಸ್‌ಮಸ್ ಮುನ್ನಾದಿನದ ಸಂಜೆ ಎಂದರೆ ಆ ದೇಶದಲ್ಲಿ ಪ್ರೇಮಿಗಳ ಸಂಜೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಂದು ಹುಡುಗ ಹುಡುಗಿಯನ್ನು ಹೊರಗೆ ಕರೆದರೆ ಅದಕ್ಕೆ ಇರುವುದು ಒಂದೇ ಅರ್ಥ. ಅವಳ ಉತ್ತರ ಬರಲು ಎರಡು ದಿನ ಬೇಕಾಯಿತು. ತಂತಿಯ ಅಂಗಡಿಗೆ ಇಷ್ಟು ಯೋಚನೆ ಯಾಕೆ ಎಂದು ನಾನು ಅಂದುಕೊಂಡೆ. ಅಂದು ಅವಳು ಒಳ್ಳೆಯ ಕೋಟು ತೊಟ್ಟು, ಕೂದಲು ಬಾಚಿ, ಸಣ್ಣದೊಂದು ಉಡುಗೊರೆ ಕಟ್ಟಿಸಿಕೊಂಡು ಬಂದಳು. ನಾನು ಬೆನ್ನಿಗೆ ರಾಕೆಟ್ಟಿನ ಚೀಲ ಹಾಕಿಕೊಂಡು ಹೋಗಿದ್ದೆ. ತಂತಿ ಎಳೆಯಲು ನಲವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವಳು ಅಂಗಡಿಯ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತು ಆ ಯಂತ್ರವನ್ನೇ ನೋಡಿದಳು. ಹೊರಗೆ ಬಂದ ಮೇಲೆ, ಉಡುಗೊರೆಯನ್ನು ಏನು ಮಾಡುವುದೆಂದು ತಿಳಿಯದೆ ಕೊಟ್ಟೇಬಿಟ್ಟಳು. ಕೈಗವಸು. ನಾನು ಅವಳಿಗೆ ಏನೂ ತಂದಿರಲಿಲ್ಲವಾದ್ದರಿಂದ ಊಟದ ಬಿಲ್ಲು ನಾನೇ ಕೊಡುತ್ತೇನೆಂದು ಹಟ ಹಿಡಿದೆ. ಅವಳು ಅರ್ಧ ಎಣಿಸಿ ಮೇಜಿನ ಮೇಲಿಟ್ಟಳು, ಒಂದು ಯೆನ್ ಹೆಚ್ಚಿಲ್ಲ, ಒಂದು ಯೆನ್ ಕಡಿಮೆಯಿಲ್ಲ.

ನಮ್ಮಲ್ಲಿ ಪ್ರೀತಿ ಯಾವಾಗ ಶುರುವಾಯಿತೆಂದು ಕೇಳಿದರೆ ಯಾರಿಗೂ ಉತ್ತರ ಗೊತ್ತಿರುವುದಿಲ್ಲ; ಒಂದು ದಿನ ಊರಿಗೆ ಗೊತ್ತಾಗುತ್ತದೆ, ಅಷ್ಟೇ. ಜಪಾನಿಯರಿಗೆ ಅದಕ್ಕೊಂದು ದಿನಾಂಕ ಬೇಕು. ‘ಕೊಕುಹಾಕು’ ಎನ್ನುತ್ತಾರೆ, ನಿವೇದನೆ ಎನ್ನೋಣ. ಎರಡು ಮೂರು ಸಲ ಜೊತೆಗೆ ಓಡಾಡಿದ ಮೇಲೆ ಇಬ್ಬರಲ್ಲಿ ಒಬ್ಬರು ಎದುರು ನಿಂತು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನೂರು ಸಲ ಕಾಫಿ ಕುಡಿದರೂ ಅದು ಕಾಫಿಯೇ.

ಇದು ನನಗೆ ತಿಳಿದಿರಲಿಲ್ಲ. ಜನವರಿಯ ಒಂದು ಭಾನುವಾರ ಕಾಸಾಯ್ ರಿಂಕಾಯ್ ಉದ್ಯಾನದಲ್ಲಿ, ಸಮುದ್ರದ ಗಾಳಿ ಕಿವಿ ಕೊಯ್ಯುತ್ತಿದ್ದಾಗ, ಅವಳು ಬೆಂಚಿನಿಂದ ಎದ್ದು ನನ್ನ ಎದುರು ನೇರವಾಗಿ ನಿಂತಳು. ಶಾಲೆಯಲ್ಲಿ ಪದ್ಯ ಒಪ್ಪಿಸುವವರು ನಿಲ್ಲುವ ಹಾಗೆ. ಅಪ್ಪನ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿ, ಸಾನ್ ಸೇರಿಸಿ, “ಸುಕಿ ದೆಸು. ತ್ಸುಕಿಯತ್ತೆ ಕುದಸಾಯ್” ಎಂದಳು. ‘ನೀವು ನನಗೆ ಇಷ್ಟ, ನನ್ನ ಜೊತೆಯಾಗಿ’ ಎಂದರೆ ಸರಿಹೋಗುತ್ತದೆ. ನನಗೆ ಮೊದಲು ಬಂದದ್ದು ನಗು. ಮೂವತ್ತೊಂದು ವರ್ಷಕ್ಕೆ ಒಬ್ಬ ಹುಡುಗಿ ಮೊದಲ ಸಲ ಇಂತಹ ಮಾತು ಆಡುತ್ತಿದ್ದಾಳೆ, ಅದೂ ನನ್ನ ಅಪ್ಪನ ಹೆಸರು ಹಿಡಿದು! ನಗು ನುಂಗಿಕೊಂಡು “ಹಾಯ್” ಎಂದೆ. ಅವರ ಭಾಷೆಯಲ್ಲಿ ‘ಹೌದು’ ಎಂದರೆ ಹಾಯ್. ಇಬ್ಬರೂ ಸೊಂಟ ಬಗ್ಗಿಸಿ ವಂದಿಸಿದೆವು. ಪಕ್ಕದಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಅಜ್ಜ ನಮ್ಮನ್ನು ನೋಡಿ ವ್ಯಾಪಾರದ ಕರಾರು ಎಂದುಕೊಂಡಿರಬೇಕು.

ಆ ಸಂಜೆಯೇ ಹೆಸರಿನ ವಿಷಯ ಹೇಳಿಬಿಟ್ಟೆ. ಅವಳ ಮುಖ ಕೆಂಪೇರಿತು. ಐದು ತಿಂಗಳಿಂದ ಹಿರಿಯರೊಬ್ಬರ ಹೆಸರು ಹಿಡಿದು “ಬಲಗಡೆ ಓಡಿ! ನೆಟ್ಟಿಗೆ ಹೊಡೆಯಬೇಡಿ!” ಎಂದು ಕೂಗುತ್ತಿದ್ದೆನಲ್ಲ ಎಂದು ಮಂಡ್ಯದ ದಿಕ್ಕು ಯಾವುದೆಂದು ಕೇಳಿದಳು. ಪಶ್ಚಿಮ ಎಂದೆ. ಆ ಕಡೆ ತಿರುಗಿ ಕ್ಷಮೆ ಕೇಳಿದಳು. ಆಮೇಲೆ, “ಮನೆಯಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ?” ಎಂದಳು. ಆರಡಿಗೆ ಒಂದಂಗುಲ ಕಡಿಮೆ ಇರುವ ನಾನು “ಪುಟ್ಟ” ಎಂದೆ. ಅರ್ಥ ಹೇಳಿದ ಮೇಲೆ ಅವಳು ನಕ್ಕದ್ದು ಆ ದಿನ ಅದೇ ಮೊದಲು. ಅವರಿಗೆ ನಮ್ಮ ‘ಟ’ ಬಾರದು. ಅಂದಿನಿಂದ ನಾನು ‘ಪುತ್ತ ಸಾನ್’ ಆದೆ. ಸಾನ್ ಬಿಟ್ಟುಹೋಗಲು ಇನ್ನೂ ಮೂರು ತಿಂಗಳು ಬೇಕಾಯಿತು. ಅಲ್ಲಿಯೂ ಬಹುವಚನದಿಂದ ಏಕವಚನಕ್ಕೆ ಇಳಿಯುವುದು ಒಂದೊಂದೇ ಮೆಟ್ಟಿಲು.

ಒಂದು ಮಾತು ಇಲ್ಲಿ ಹೇಳಬೇಕು. ಬೇರೆ ದೇಶದವಳನ್ನು ಪ್ರೀತಿಸುವುದು ಎಂದರೆ ದಿನವೂ ಗೊಂದಲ ಎಂದು ಸ್ನೇಹಿತರು ಹೆದರಿಸಿದ್ದರು. ಗೊಂದಲವಾದದ್ದು ಹೆಚ್ಚಾಗಿ ನಾವು ಒಂದೇ ತರಹ ಇದ್ದ ಕಡೆ. ‘ಎನ್ರ್ಯೊ’ ಎಂಬ ಅವರ ಮಾತಿಗೆ ನಿಘಂಟುಗಳು ಏನೇನೋ ಅರ್ಥ ಕೊಡುತ್ತವೆ. ಕನ್ನಡದಲ್ಲಿ ‘ಸಂಕೋಚ’ ಎಂದರೆ ಮುಗಿಯಿತು. ಅವಳ ‘ಗಿರಿ’ಯನ್ನು ನನ್ನ ‘ದಾಕ್ಷಿಣ್ಯ’ ತಕ್ಷಣ ಗುರುತಿಸಿತು. ಕಷ್ಟ ಏನೆಂದರೆ, ಸಂಕೋಚದವರು ಇಬ್ಬರು ಎದುರುಬದುರು ಕುಳಿತರೆ ಕೊನೆಯ ಇಡ್ಲಿ ತಟ್ಟೆಯಲ್ಲೇ ಒಣಗುತ್ತದೆ. ಇನ್ನೊಂದು ಹಾಕಲೇ ಎಂದು ನಾನು ಕೇಳುವುದು, ‘ದಾಯ್‌ಜೋಬು’ ಎಂದು ಅವಳು ಕೈಯಾಡಿಸುವುದು. ಆ ಶಬ್ದಕ್ಕೆ ‘ಪರವಾಗಿಲ್ಲ’ ಎಂದು ಅರ್ಥ. ಬೇಕು ಎಂಬ ಪರವಾಗಿಲ್ಲವೋ, ಬೇಡ ಎಂಬ ಪರವಾಗಿಲ್ಲವೋ ಮುಖ ನೋಡಿ ತಿಳಿಯಬೇಕು. ನಮ್ಮ ‘ಪರವಾಗಿಲ್ಲ’ವೂ ಅಷ್ಟೇ ಕಳ್ಳ ಶಬ್ದ ಎಂದು ಅವಳು ಆಮೇಲೆ ಕಂಡುಕೊಂಡಳು.

ಎರಡನೆಯ ವರ್ಷದ ಶರತ್ಕಾಲದಲ್ಲಿ ಅವಳ ಊರಿಗೆ ಹೋದೆವು. ನೀಗಾತ ಪ್ರಾಂತ್ಯದ ಉಓನುಮ ಸೀಮೆ, ಜಪಾನಿನಲ್ಲಿ ಅಕ್ಕಿಗೆ ಹೆಸರಾದ ನೆಲ. ಜೋಯೆತ್ಸು ಶಿಂಕಾನ್ಸೆನ್ ರೈಲು ಬೆಟ್ಟದ ಉದ್ದನೆಯ ಸುರಂಗ ದಾಟಿ ಆ ಬದಿಗೆ ಬಂದಾಗ ಎರಡೂ ಕಡೆ ಕೊಯ್ಲಾದ ಗದ್ದೆಗಳು. ಗಾಜಿಗೆ ಹಣೆ ಒತ್ತಿ ನೋಡಿದೆ. ಬದು, ತೂಬು, ಕೂಳೆ. ಅಂತೂ ನನಗೆ ಓದಲು ಬರುವ ನೆಲ.

ಮೈಸೂರುಪಾಕಿನ ಡಬ್ಬಿಯನ್ನು ಅವಳ ತಾಯಿಗೆ ಕೊಟ್ಟೆ. ಅವರು ಅದನ್ನು ಬಿಚ್ಚಲಿಲ್ಲ. ನೇರವಾಗಿ ಒಳಗೆ ಒಯ್ದು ಹಿರಿಯರ ಪೀಠದ ಮುಂದಿಟ್ಟು, ಗಂಟೆ ತಟ್ಟಿ, ಕೈಮುಗಿದು ಬಂದರು. ದೇವರ ಮುಂದಿಡದೆ ಸಿಹಿ ಮುಟ್ಟದ ಅಮ್ಮನ ನೆನಪಾಯಿತು. ಮೊಣಕಾಲು ಮಡಚಿ ಕುಳಿತ ಐದನೆಯ ನಿಮಿಷಕ್ಕೆ ನನ್ನ ಕಾಲು ಜೋಮು ಹಿಡಿಯಿತು. ಅವಳ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಅಪ್ಪನ ಹೆಸರು ಹಿಡಿದು, “ನಿಮ್ಮ ಮನೆಯಲ್ಲಿ ಗದ್ದೆ ಇದೆಯಂತೆ. ತಾನ್‌ಗೆ ಎಷ್ಟು ಬರುತ್ತದೆ?” ಎಂದು ಕೇಳಿದರು.

ಸಂಬಳ ಎಷ್ಟು ಎಂದು ಕೇಳುತ್ತಾರೆಂದು ಉತ್ತರ ಉರುಹೊಡೆದಿದ್ದೆ. ಇದಕ್ಕೆ ಸಿದ್ಧನಾಗಿರಲಿಲ್ಲ. ಒಂದು ‘ತಾನ್’ ಎಂದರೆ ಸುಮಾರು ಹತ್ತು ಗುಂಟೆ. ನಾಲ್ಕು ತಾನ್ ಸೇರಿದರೆ ನಮ್ಮ ಒಂದು ಎಕರೆ. ನಾನು ಎಕರೆಗೆ ಇಪ್ಪತ್ತೈದು ಕ್ವಿಂಟಲ್ ಎಂದು ಹಿಡಿದು ನಾಲ್ಕರಿಂದ ಭಾಗಿಸಿದೆ. ಅವರು ಅಳೆಯುವುದು ಅರವತ್ತು ಕಿಲೋದ ‘ಹ್ಯೋ’ ಲೆಕ್ಕದಲ್ಲಿ. ನನ್ನ ಉತ್ತರ ಕೇಳಿ ಹುಬ್ಬೇರಿಸಿ, ಅದು ಸಾಧ್ಯವೇ ಇಲ್ಲ ಎಂಬ ಹಾಗೆ ಮಗಳ ಮುಖ ನೋಡಿದರು. ಅರ್ಧ ಗಂಟೆಯ ನಂತರ ತಪ್ಪು ಸಿಕ್ಕಿತು: ನಾನು ಹೇಳುತ್ತಿದ್ದದ್ದು ಭತ್ತದ ಲೆಕ್ಕ, ಅವರದು ಹೊಟ್ಟು ಕಳೆದ ಕಂದು ಅಕ್ಕಿಯ ಲೆಕ್ಕ. ಹೊಟ್ಟು ಕಳೆದಾಗ ನಮ್ಮದೂ ಎಂಟು ಹ್ಯೋ ಹತ್ತಿರ ಬಂತು. ಅವರದೂ ಎಂಟು. ಅವರು ಮೊದಲ ಸಲ ಕಾಲು ಸಡಿಲಿಸಿ ಚಕ್ಕಂಬಕ್ಕಳ ಹಾಕಿದರು. ನನಗೂ ಹಾಗೆ ಕೂರಲು ಕೈ ಮಾಡಿದರು.

ನೀರು ಎಲ್ಲಿಂದ ಎಂದರು. ಕನ್ನಂಬಾಡಿ ಕಟ್ಟೆಯ ಕಥೆ ಹೇಳಿದೆ. ನಮ್ಮ ಕಡೆ ಮಳೆಗಾಲದಲ್ಲಿ ಪತ್ರಿಕೆ ಬಿಚ್ಚಿದರೆ ಮೊದಲು ನೋಡುವುದು ಕಟ್ಟೆಯ ಮಟ್ಟ, ಭರ್ತಿ ಎಂದರೆ 124.80 ಅಡಿ, ಅದು ಏರದ ವರ್ಷ ನಾಲೆಗೆ ನೀರಿಲ್ಲ, ಊರಿನಲ್ಲಿ ಮದುವೆಗಳೂ ಕಡಿಮೆ ಎಂದೆ. ಅವರದು ಹಿಮ ಕರಗಿದ ನೀರು. ಆಳೆತ್ತರ ಬೀಳುವ ಹಿಮವನ್ನು ಚಳಿಗಾಲವೆಲ್ಲ ಬೈದುಕೊಂಡು, ಬೇಸಿಗೆಯಲ್ಲಿ ಅದನ್ನೇ ಕೈಮುಗಿದು ಗದ್ದೆಗೆ ಬಿಡುವುದು. ನೀರಿದ್ದರೆ ನಮ್ಮಲ್ಲಿ ವರ್ಷಕ್ಕೆ ಎರಡು ಬೆಳೆ ಎಂದಾಗ ಅವರು ಹೆಂಡತಿಯನ್ನು ಒಳಗಿನಿಂದ ಕರೆದು ಅದನ್ನು ಇನ್ನೊಮ್ಮೆ ಹೇಳಿಸಿದರು. ಹೊರಗಿನಿಂದ ಕೇಳಿದ್ದರೆ, ನನ್ನ ಅಪ್ಪನೂ ಅವಳ ಅಪ್ಪನೂ ಜಗಲಿಯಲ್ಲಿ ಕುಳಿತು ಭತ್ತದ ಮಾತಾಡುತ್ತಿದ್ದಾರೆ ಎಂದೇ ಅನ್ನಿಸುತ್ತಿತ್ತು. ನಾನು ನಡುವೆ ಹೆಸರು ಸಾಲ ಕೊಟ್ಟು ಕುಳಿತಿದ್ದೆ.

ಹೊರಡುವಾಗ ಒಂದು ಘಟನೆ. ನಾವು ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ಅದು ಅಶುಭ. ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ಜಪಾನಿಯರೂ ಅಕ್ಷರಶಃ ಅದನ್ನೇ ಹೇಳುತ್ತಾರೆ: ‘ಇತ್ತೆ ಕಿಮಸು’, ಹೋಗಿ ಬರುತ್ತೇನೆ. ಒಳಗಿದ್ದವರು ‘ಇತ್ತೆರಶಾಯ್’ ಎನ್ನಬೇಕು, ಹೋಗಿ ಬಾ. ಇದು ಮನೆಯವರಿಗೆ ಹೇಳುವ ಮಾತು, ನೆಂಟರಿಗೆ ಬೇರೆ ಇದೆ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ ನಾನು ನೆಂಟನ ಮಾತನ್ನೇ ಹೇಳಿದೆ. ಅವಳ ತಂದೆ ಹತ್ತು ಕಿಲೋ ಹೊಸ ಅಕ್ಕಿಯ ಚೀಲವನ್ನು ನನ್ನ ಕೈಗೆ ಹಾಕಿ, “ಇತ್ತೆರಶಾಯ್” ಎಂದರು. ಅವಳು ರೈಲಿನಲ್ಲಿ ಕುಳಿತ ಮೇಲೆ ಅತ್ತಳು. ನಾನು ಅಕ್ಕಿ ಹಿಡಿದುಕೊಂಡಿದ್ದೆ.

ನಮ್ಮ ಮನೆಯಲ್ಲಿ ಇಷ್ಟು ಸುಲಭವಾಗಲಿಲ್ಲ. ಅಮ್ಮ ಮೊದಲು ಫೋನಿನಲ್ಲಿ ಮೌನ, ಆಮೇಲೆ ಅಳು, ಆಮೇಲೆ ಪ್ರಶ್ನೆಗಳು. “ಅವರು ಯಾವ ಜನ ಪುಟ್ಟಾ?” ಎಂದು ಕೇಳಿ, ಆ ಪ್ರಶ್ನೆಗೆ ಜಪಾನಿನಲ್ಲಿ ಅರ್ಥವಿಲ್ಲ ಎಂದು ಅವರಿಗೇ ಹೊಳೆದು, “ಗದ್ದೆ ಇರುವವರಾ?” ಎಂದು ತಿದ್ದಿಕೊಂಡರು. ಎಂಟು ಹ್ಯೋ ಅಲ್ಲಿ ಕೆಲಸಕ್ಕೆ ಬಂತು. ಅಪ್ಪ ಮಾತ್ರ ಏನೂ ಹೇಳಲಿಲ್ಲ. ನಾನು ಫೋನ್ ಮಾಡಿದರೆ “ಅಮ್ಮನಿಗೆ ಕೊಡುತ್ತೇನೆ” ಎನ್ನುವರು. ಮಾತು ಬಿಟ್ಟರು ಎನ್ನಲಾರೆ, ಮೊದಲೂ ಅವರು ಮಾತಿನ ಮನುಷ್ಯರಲ್ಲ. ಆದರೆ ಏಳು ತಿಂಗಳು ಅದೊಂದೇ ವಾಕ್ಯ ಕೇಳಿದರೆ ಮನುಷ್ಯ ಸೋಲುತ್ತಾನೆ. ಈ ನಡುವೆ ಇಬ್ಬರಿಗೂ ಆಗುವ ಬಾಡಿಗೆ ಮನೆ ಹುಡುಕುತ್ತಿದ್ದಾಗ, ವಿದೇಶಿಯರಿಗೆ ಕೊಡುವುದಿಲ್ಲ ಎಂದು ಎರಡು ಮನೆಗಳ ಮಾಲೀಕರು ಹೇಳಿದ್ದನ್ನು ದಲ್ಲಾಳಿಯ ಎದುರು ಕುಳಿತೇ ಕೇಳಿಸಿಕೊಂಡೆ. ಅವಳು ಸಿಟ್ಟಿನಿಂದ ನಡುಗಿದಳು. ಬೆಂಗಳೂರಿನಲ್ಲಿ ‘ನೀವು ಯಾರು, ಮಾಂಸ ತಿನ್ನುತ್ತೀರಾ’ ಎಂದು ಕೇಳಿ ಬಾಗಿಲು ಹಾಕಿದವರನ್ನು ಕಂಡಿದ್ದ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ.

ಅಪ್ಪನ ಬಾಯಿ ಬಿಡಿಸಿದ್ದು ಕೊನೆಗೆ ಛಾಪಾ ಕಾಗದ. ಜಪಾನಿನಲ್ಲಿ ಮದುವೆ ಎಂದರೆ ವಾರ್ಡ್ ಕಚೇರಿಯಲ್ಲಿ ಒಂದು ಹಾಳೆ ತುಂಬಿ ಕೊಡುವುದು; ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ವಿದೇಶಿಯಾದರೆ, ಈತನ ದೇಶದ ಕಾನೂನಿನಂತೆ ಈತ ಮದುವೆಯಾಗಬಹುದು ಎಂದು ಅವನ ರಾಯಭಾರ ಕಚೇರಿ ಬರೆದು ಕೊಡಬೇಕು. ಅದಕ್ಕೆಂದು ನನ್ನಿಂದ ಕೇಳಿದ ಕಾಗದಗಳಲ್ಲಿ ತಂದೆಯ ಪ್ರಮಾಣಪತ್ರವೂ ಒಂದು: ನನ್ನ ಮಗ ಅವಿವಾಹಿತ, ಈ ಮದುವೆಗೆ ನನ್ನದು ಯಾವ ಅಭ್ಯಂತರವೂ ಇಲ್ಲ. ಅಕ್ಕನಿಗೆ ಮಾದರಿ ಕಳುಹಿಸಿದೆ. ಅವಳು ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಂಡ್ಯದ ನೋಟರಿ ವಕೀಲರ ಹತ್ತಿರ ಹೋದಳು. ಇಂಗ್ಲಿಷಿನಲ್ಲಿ ಟೈಪಾದದ್ದನ್ನು ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರಂತೆ. ಅವಳ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. “ಹುಡುಗಿಯ ಹೆಸರು ತಪ್ಪಾಗಿದೆ, ಬೇರೆ ಟೈಪು ಮಾಡಿ” ಎಂದು ವಾಪಸು ಕೊಟ್ಟರಂತೆ. ಏಳು ತಿಂಗಳಲ್ಲಿ ಯಾವತ್ತೂ ಅವಳ ಬಗ್ಗೆ ಕೇಳದ ಅಪ್ಪನಿಗೆ ಆ ಹೆಸರಿನ ಸರಿಯಾದ ಅಕ್ಷರಗಳು ಯಾವಾಗ ತಿಳಿದವೋ ಅಕ್ಕನಿಗೂ ಗೊತ್ತಿಲ್ಲ. ಹೊಸ ಹಾಳೆಗೆ ಸಹಿಯನ್ನು ಕನ್ನಡದಲ್ಲೇ ಹಾಕಿದರು, ಮೇಷ್ಟರ ದುಂಡು ಅಕ್ಷರದಲ್ಲಿ. ಟೋಕಿಯೊದಲ್ಲಿ ಆ ಲಕೋಟೆ ಒಡೆದಾಗ, ನಾನು ದಿನವೂ ಹೊತ್ತು ತಿರುಗುತ್ತಿದ್ದ ಹೆಸರನ್ನು ಅದರ ಒಡೆಯನ ಕೈಬರಹದಲ್ಲಿ ಎಷ್ಟೋ ವರ್ಷಗಳ ನಂತರ ನೋಡಿದೆ.

ಹಾಳೆ ಕೊಡುವ ದಿನ ಗೊತ್ತುಮಾಡುವುದೂ ಎರಡು ದೇಶದ ಕೆಲಸವಾಯಿತು. ಅವರ ಕ್ಯಾಲೆಂಡರಿನಲ್ಲಿ ‘ತಾಯ್‌ಆನ್’ ಎಂಬ ಶುಭದಿನಗಳಿವೆ, ‘ಬುತ್ಸುಮೆತ್ಸು’ ಎಂಬ ಕೆಟ್ಟ ದಿನಗಳಿವೆ. ಅವಳ ತಾಯಿ ಒಂದು ಬುಧವಾರ ಸೂಚಿಸಿದರು. ಅಮ್ಮ ಪಂಚಾಂಗ ನೋಡಿ ಒಪ್ಪಿ, ಹನ್ನೆರಡರಿಂದ ಒಂದೂವರೆ ರಾಹುಕಾಲ ಬಿಡಿ ಎಂದರು. ಹತ್ತು ನಿಮಿಷದಲ್ಲಿ ಮತ್ತೆ ಫೋನ್: “ನಮ್ಮ ಹನ್ನೆರಡೋ, ನಿಮ್ಮ ಹನ್ನೆರಡೋ?” ಜಪಾನಿನ ಗಡಿಯಾರ ಮೂರೂವರೆ ಗಂಟೆ ಮುಂದಿದೆ. ಎರಡೂ ರಾಹುಗಳನ್ನು ತಪ್ಪಿಸಿ ಬೆಳಿಗ್ಗೆ ಹತ್ತಕ್ಕೆ ಹೋದೆವು.

ಹಾಳೆಯಲ್ಲಿ ವರನ ತಂದೆಯ ಹೆಸರಿಗೆ ಒಂದು ಮನೆ. ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು. ಕಿಟಕಿಯಲ್ಲಿದ್ದ ನಡುವಯಸ್ಸಿನ ಗುಮಾಸ್ತೆ ವಿನಯದಿಂದ ಕೇಳಿದರು:

“ನಿಮ್ಮ ಮನೆತನದ ಹೆಸರು, ನಿಮ್ಮ ತಂದೆಯವರ ಸ್ವಂತ ಹೆಸರು, ಎರಡೂ ಒಂದೇ ಇವೆಯಲ್ಲ?”

“ಹೌದು, ಅದು ಅವರದೇ ಹೆಸರು.”

“ಹಾಗಾದರೆ ತಂದೆಯವರ ಮನೆತನದ ಹೆಸರು ಯಾವುದು? ಮುಂದಿರುವ ಈ ಎರಡು ಅಕ್ಷರಗಳೇ?”

“ಮೊದಲನೆಯದು ಊರು. ಎರಡನೆಯದು ಅವರ ತಂದೆ.”

“ಊರು...” ಎಂದು ಅವರು ಪೆನ್ಸಿಲಿನಲ್ಲಿ ಬರೆದುಕೊಂಡರು. “ಊರಿನವರಿಗೆಲ್ಲ ಇದೇ ಅಕ್ಷರವೇ?”

ಅವರು ಎದ್ದು ಹಿಂದಿನ ಮೇಜಿಗೆ ಹೋದರು. ಮೂರು ತಲೆಗಳು ಒಂದು ದಪ್ಪ ಪುಸ್ತಕದ ಮೇಲೆ ಬಾಗಿದವು. ನಲವತ್ತು ನಿಮಿಷ, ರಾಕೆಟ್ಟಿನ ತಂತಿಗೆ ಹಿಡಿದಷ್ಟೇ. ಕೊನೆಗೆ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಇದ್ದ ಹಾಗೆ ಎಂದು ತೀರ್ಮಾನವಾಯಿತು.

ಜಪಾನಿ ದಂಪತಿಗಳಾದರೆ ಕಾನೂನಿನ ಪ್ರಕಾರ ಇಬ್ಬರಿಗೂ ಒಂದೇ ಮನೆತನದ ಹೆಸರಿರಬೇಕು. ನೂರಕ್ಕೆ ತೊಂಬತ್ತೈದರಷ್ಟು ಮನೆಗಳಲ್ಲಿ ಬಿಟ್ಟುಕೊಡುವವಳು ಹೆಂಡತಿ. ವಿದೇಶಿಯನ್ನು ಮದುವೆಯಾದವರಿಗೆ ಈ ಕಟ್ಟಿಲ್ಲ. ಗಂಡನ ಹೆಸರು ಬೇಕೆಂದರೆ ಆರು ತಿಂಗಳೊಳಗೆ ತಿಳಿಸಿ ಎಂದು ಗುಮಾಸ್ತೆ ಹೇಳಿದರು. ಅವಳು ಶಾಲೆಯಲ್ಲಿದ್ದಾಗಲೇ, ಎಂದಾದರೊಂದು ದಿನ ಬಿಡಬೇಕಾದದ್ದು ಎಂದು ತನ್ನ ಹೆಸರನ್ನು ಸ್ವಲ್ಪ ದೂರದಿಂದಲೇ ನೋಡುತ್ತಿದ್ದಳಂತೆ. “ಇಟ್ಟುಕೊಳ್ಳುತ್ತೇನೆ” ಎಂದಳು. ಹೊರಗೆ ಬಂದ ಮೇಲೆ, “ಮಾವನವರ ಹೆಸರನ್ನು ಮನೆಯಲ್ಲಿ ಇಬ್ಬರು ಹೊರುವುದು ಬೇಡ” ಎಂದು ಸೇರಿಸಿದಳು. ಅವಳಿಗೊಂದು ಹೊಸ ‘ಕೊಸೆಕಿ’ ತಯಾರಾಯಿತು, ನಮ್ಮ ವಂಶವೃಕ್ಷವೂ ಪಡಿತರ ಚೀಟಿಯೂ ಸೇರಿದಂತಹ ಕುಟುಂಬದ ದಾಖಲೆ. ಅದರಲ್ಲಿ ಕುಟುಂಬದ ಸದಸ್ಯಳು ಅವಳೊಬ್ಬಳೇ. ವಿದೇಶಿಯನಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಇಂತಹ ದಿನ ಇಂತಹವನನ್ನು ಮದುವೆಯಾದಳು ಎಂದು ಅವಳ ಹೆಸರಿನ ಕೆಳಗೆ ಬರೆಯುತ್ತಾರೆ. ಅಂದರೆ ನಾನೊಂದು ಷರಾ. ಅದನ್ನು ಹೇಳಿ ಅವಳನ್ನು ಈಗಲೂ ರೇಗಿಸುತ್ತೇನೆ.

ವೀಸಾ ಬದಲಾವಣೆಗೆ ಬೇಕಾದ ಕಾಗದಗಳಲ್ಲಿ ಎಂಟು ಪುಟದ ಒಂದು ಪ್ರಶ್ನಾವಳಿ ಇದೆ. ಜಪಾನಿ ಸಂಗಾತಿಯೇ ತುಂಬಬೇಕು. ಮೊದಲ ಭೇಟಿ ಎಲ್ಲಿ, ಯಾವಾಗ? ಪರಿಚಯಿಸಿದವರು ಯಾರು? ಅಲ್ಲಿಂದ ಮದುವೆಯವರೆಗೆ ನಡೆದದ್ದನ್ನು ದಿನಾಂಕ ಸಮೇತ ವಿವರಿಸಿ. ಯಾವ ಭಾಷೆಯಲ್ಲಿ ಮಾತಾಡುತ್ತೀರಿ? ಈ ಮದುವೆ ಗೊತ್ತಿರುವ ಬಂಧುಗಳು ಯಾರು ಯಾರು? ಹೆಣ್ಣು ನೋಡಲು ಬಂದ ಸೋದರತ್ತೆಯೂ ಇಷ್ಟು ಕೇಳುವುದಿಲ್ಲ. ಮೂರು ರಾತ್ರಿ ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಜಗಳವಾಡಿದೆವು. ಡಿಸೆಂಬರ್ 24ನ್ನು ಅವಳು ಮೊದಲ ಒಡನಾಟ ಎಂದು ಬರೆದಳು. ಅಂದು ನಾನು ತಂತಿ ಹಾಕಿಸಲು ಹೋದದ್ದು, ಸರ್ಕಾರಕ್ಕೆ ಸುಳ್ಳು ಹೇಳಬಾರದು ಎಂದೆ. “ತಂತಿ ಹಾಕಿಸಲು ಬಂದವನು ಕೈಗವಸನ್ನು ಯಾಕೆ ತೆಗೆದುಕೊಂಡ?” ಎಂದಳು. ಕೊನೆಗೆ ಹೀಗೆ ಬರೆದಳು: ‘ಡಿಸೆಂಬರ್ 24: ರಾಕೆಟ್ಟಿಗೆ ತಂತಿ ಹಾಕಿಸಲು ಇಬ್ಬರೂ ಹೋದೆವು. ಪತ್ನಿ ಇದನ್ನು ಮೊದಲ ಒಡನಾಟ ಎಂದು ಭಾವಿಸುತ್ತಾಳೆ, ಪತಿ ಭಾವಿಸುವುದಿಲ್ಲ.’ ಜೊತೆಗಿಟ್ಟ ಫೋಟೋಗಳಲ್ಲಿ ನಾವಿಬ್ಬರೂ ಒಂದಡಿ ಅಂತರ ಬಿಟ್ಟು ನಿಂತು ಎರಡು ಬೆರಳು ಎತ್ತಿದ್ದೇವೆ. ಶಿನಗಾವಾದ ವಲಸೆ ಕಚೇರಿಯಲ್ಲಿ ಅದನ್ನು ಯಾರು ಓದಿದರೋ ತಿಳಿಯದು. ಎರಡು ತಿಂಗಳಿಗೆ ಕಾರ್ಡು ಬಂತು, ಮೊದಲ ಸಲಕ್ಕೆ ಒಂದೇ ವರ್ಷದ್ದು. ಅದರ ಮೇಲೂ ಮೊದಲು ಅಪ್ಪನ ಹೆಸರು, ಆಮೇಲೆ ನನ್ನದು.

ಫೆಬ್ರವರಿಯಲ್ಲಿ ಊರಿನಲ್ಲಿ ಮದುವೆ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಎಲ್ಲರ ಮದುವೆಯ ಹಾಗೆ ಊಟ ತಡವಾಯಿತು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನನ್ನ ದೊಡ್ಡಮ್ಮ ಹೇಳಿಕೊಟ್ಟಾಗ ಅವಳು ಗಾಬರಿಯಾದಳು. ಜಪಾನಿನಲ್ಲಿ ಪ್ರತಿ ಹೊಸವರ್ಷಕ್ಕೆ ಮೋಚಿ ಎಂಬ ಅಕ್ಕಿಯ ಮುದ್ದೆ ಗಂಟಲಲ್ಲಿ ಸಿಕ್ಕಿ ವಯಸ್ಸಾದವರು ಸಾಯುತ್ತಾರೆ. ಚೆನ್ನಾಗಿ ಅಗಿಯಿರಿ ಎಂದು ಸರ್ಕಾರವೇ ಎಚ್ಚರಿಸುತ್ತದೆ. ಆದರೂ ನುಂಗಿದಳು.

ಅವಳನ್ನು ನಿಜವಾಗಿ ಕಾಡುತ್ತಿದ್ದದ್ದು ಹೊಸ್ತಿಲ ಶಾಸ್ತ್ರ. ಬೆಂಗಳೂರಿನಿಂದ ಕಾರಿನಲ್ಲಿ ಬರುವಾಗಲೇ, ಹೊಸ್ತಿಲ ಮೇಲೆ ಸೇರಿನಲ್ಲಿಟ್ಟ ಅಕ್ಕಿಯನ್ನು ಬಲಗಾಲಿನಿಂದ ಒದ್ದು ಒಳಗೆ ಬರಬೇಕು ಎಂದು ಹೇಳಿದ್ದೆ. ಚನ್ನಪಟ್ಟಣ ದಾಟುವವರೆಗೂ ಮಾತಾಡಲಿಲ್ಲ. ಮದ್ದೂರಿನಲ್ಲಿ ವಡೆ ತಿನ್ನುತ್ತಾ, “ಅಕ್ಕಿಯನ್ನು? ಕಾಲಿನಿಂದ?” ಎಂದಳು. ಬಟ್ಟಲಿನ ಕೊನೆಯ ಅಗುಳನ್ನೂ ಬಿಡದ ಮನೆಯ ಹುಡುಗಿ. “ನಮ್ಮ ಅಪ್ಪನಿಗೆ ಮಾತ್ರ ಹೇಳಬೇಡ” ಎಂದಳು. ಹೆಸರು ಹೇಳುವ ಶಾಸ್ತ್ರಕ್ಕೆ ಅಷ್ಟು ಹೆದರಿರಲಿಲ್ಲ. ನಮ್ಮ ಅಜ್ಜಿ ಜೀವಮಾನದಲ್ಲಿ ತಾತನ ಹೆಸರು ಹೇಳಿದವಳಲ್ಲ. ಮತಪಟ್ಟಿ ಬರೆಯಲು ಬಂದವರು ಕೇಳಿದರೆ “ಬೆಟ್ಟದ ಮೇಲಿರುವ ದೇವರ ಹೆಸರು” ಎಂದು ಒಗಟು ಹಾಕುತ್ತಿದ್ದಳು. ಜಪಾನಿನಲ್ಲೂ ಹೆಂಡತಿಯರು ‘ಅನತ’ ಎಂದೋ ‘ನೇ’ ಎಂದೋ ಕರೆದು ಸಂಸಾರ ಮುಗಿಸುತ್ತಿದ್ದರು, ನಮ್ಮ ‘ರೀ’ಯ ಹಾಗೆ. ಅಕ್ಕ ಒಂದು ತಿಂಗಳು ಮುಂಚೆಯೇ ಎರಡು ಸಾಲು ಕಟ್ಟಿ, ಮೊಬೈಲಿನಲ್ಲಿ ಧ್ವನಿ ಕಳುಹಿಸಿ ಅವಳಿಗೆ ಉರುಹೊಡೆಸಿದ್ದಳು.

ಅಕ್ಕನೇ ಬಾಗಿಲಿಗೆ ಅಡ್ಡ ನಿಂತಳು. ಹಿಂದೆ ಅತ್ತೆಯರು, ದೊಡ್ಡಮ್ಮಂದಿರು, ಮೊಬೈಲು ಎತ್ತಿ ಹಿಡಿದ ಮಕ್ಕಳು. ಹೊಸ್ತಿಲ ಮೇಲೆ ಸೇರು, ತುಂಬಿ ತುಳುಕುವ ಅಕ್ಕಿ. ಇವಳ ಕಣ್ಣು ಅದರ ಮೇಲೇ ಇತ್ತು. ಸೆರಗು ಸರಿಮಾಡಿಕೊಂಡು, ಪದ್ಯ ಒಪ್ಪಿಸುವವರ ಹಾಗೆ ನೇರ ನಿಂತು ಶುರುಮಾಡಿದಳು. “ಕನ್ನಂಬಾಡಿ ಕಟ್ಟೆ ತುಂಬಿದರೆ ನಾರೆಗೆಲ್ಲ ನೀರು, ಬಾಗಿರಲ್ಲಿ ನಿಂತು ಹೆಸರು ಕೇಳುವವರು ಯಾರು?” ಲಕಾರ ಅಲ್ಲಲ್ಲಿ ಜಾರಿದರೂ ಪ್ರಾಸ ಜಾರಲಿಲ್ಲ. ಚಪ್ಪಾಳೆ. “ಹೆಸರು! ಹೆಸರು!” ಎಂದು ಹಿಂದಿನವರು ಕೂಗಿದರು. “ಪುತ್ತ” ಎಂದಳು. “ಅದು ನಡೆಯುವುದಿಲ್ಲ, ಪೂರ್ತಿ ಹೆಸರು” ಎಂದಳು ಅಕ್ಕ. ಇವಳು ಮತ್ತೆ ಅಕ್ಕಿಯನ್ನು ನೋಡಿದಳು, ನನ್ನನ್ನು ನೋಡಿದಳು, ಗಾಬರಿಯಲ್ಲಿ ಕಾರ್ಡಿನ ಮೇಲಿರುವ ಕ್ರಮದಲ್ಲೇ ಶುರುಮಾಡಿ, ಐದು ತಿಂಗಳು ಅಂಕಣದಲ್ಲಿ ಕೂಗಿದ್ದ ಅದೇ ಗಟ್ಟಿ ದನಿಯಲ್ಲಿ ಮಾವನ ಹೆಸರನ್ನು ಹೇಳಿ, ಅಭ್ಯಾಸಬಲದಿಂದ ಸಾನ್ ಎಂದೂ ಸೇರಿಸಿದಳು.

ಅತ್ತೆಯರ ಕೈ ಬಾಯಿಗೆ ಹೋಯಿತು. ಅಮ್ಮ ನನ್ನ ಮುಖ ನೋಡಿದರು. ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ.

ಒಳಗೆ ನಡುಮನೆಯ ಕುರ್ಚಿ ಕಿರುಗುಟ್ಟಿತು. ಪತ್ರಿಕೆ ಮಡಚುವ ಸದ್ದು. ಆಮೇಲೆ, ಏಳು ತಿಂಗಳು ಫೋನನ್ನು ಅಮ್ಮನಿಗೆ ಕೊಡುತ್ತಿದ್ದ ಆ ದನಿ:

“ಬಂದೆ ಕಣಮ್ಮ. ಏನಾಗಬೇಕಿತ್ತು?”